ಏರ್ ಇಂಡಿಯಾದ ಜಂಬೋ: ಹಿಂದಿನ ಸಾಲಿನಿಂದ ಒಂದು ರಿವ್ಯೂ

ಜಂಬೋ ಅಂತ ಕರೆಯುವ ಬೋಯಿಂಗ್ 747 ವಿಮಾನದ ಬಗ್ಗೆ ಯಾರೇ ಮಾತು ಶುರು ಮಾಡಲಿ, ಎರಡನೇ ವಾಕ್ಯಕ್ಕೆ ಮೆಟ್ಟಿಲಿಗೆ ಬಂದುಬಿಡುತ್ತಾರೆ. ವಿಮಾನದೊಳಗೇ ಮೆಟ್ಟಿಲು, ಮೇಲೊಂದು ಮಹಡಿ, ಮೊದಮೊದಲ ಕಾಲದಲ್ಲಿ ಅಲ್ಲಿ ಲೌಂಜು, ಸೋಫಾ, ಕೈಯಲ್ಲಿ ಗ್ಲಾಸು. ಇರಲಿ, ಚೆನ್ನಾಗೇ ಇದ್ದಿರಬೇಕು. ಆದರೆ ಏರ್ ಇಂಡಿಯಾ ಕೊನೆಯ ವರ್ಷಗಳಲ್ಲಿ ಹಾರಿಸಿದ 747-400 ಅನ್ನುವ ಹೊಸ ಮಾದರಿಯ ಸೀಟುಗಳ ಲೆಕ್ಕ ನೋಡಿ: ಫಸ್ಟ್ ಕ್ಲಾಸ್ 12, ಬಿಸಿನೆಸ್ 26, ಎಕಾನಮಿ 385, ಒಟ್ಟು 423. ಅಂದರೆ ವಿಮಾನ ಹತ್ತಿದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಆ ಮೆಟ್ಟಿಲಿನ ಕಡೆ ಕೆಲಸವೇ ಇರಲಿಲ್ಲ. ನಾನೂ ಆ ಒಂಬತ್ತರಲ್ಲೇ ಇದ್ದವನು. ಹಾಗಾಗಿ ಇದು ಕೆಳಗೆ ಕೂತವರ ರಿವ್ಯೂ, ಅದರಲ್ಲೂ ಹಿಂದೆ ಕೂತವರದು. ನನ್ನ ವಾದ ಇಷ್ಟೇ: ನಮ್ಮಂಥವರಿಗೆ ಆ ವಿಮಾನದಲ್ಲಿ ಒಳ್ಳೆಯ ಜಾಗ ಇದ್ದದ್ದು ಬಾಲದ ಹತ್ತಿರ.

ಆಗ ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವುದು ಅಂದರೆ ಮೊದಲು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಬಾಂಬೆ. ಸಾಂತಾಕ್ರೂಜ್‌ನಲ್ಲಿ ಇಳಿದು, ಹಗ್ಗ ಬಿಗಿದ ಸೂಟ್‌ಕೇಸುಗಳನ್ನು ಎತ್ತಿಕೊಂಡು ಸಹಾರ್ ಟರ್ಮಿನಲ್‌ಗೆ ಹೋಗಬೇಕು, ಅಲ್ಲಿ ಮಧ್ಯರಾತ್ರಿ ದಾಟುವವರೆಗೂ ಕಾಯಬೇಕು. ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ್ದೇವಾ ಇಲ್ಲವಾ ಅನ್ನುವ ಚಿಂತೆ ಬೇರೆ. ಈ ಸುಸ್ತಿನ ನಡುವೆ ಗಾಜಿನಾಚೆ ದೀಪದ ಬೆಳಕಲ್ಲಿ ಅದು ನಿಂತಿರುವುದು ಕಾಣುತ್ತಿತ್ತು. ಬಾಲದ ತುದಿ ನೆಲದಿಂದ 19 ಮೀಟರ್‌ಗೂ ಮೇಲೆ. ಹೊಟ್ಟೆಯ ಕೆಳಗೆ 16 ಚಕ್ರ, ಮೂಗಿನ ಕೆಳಗೆ ಎರಡು. ಒಂದೊಂದು ಕಿಟಕಿಯ ಸುತ್ತಲೂ ಕೆಂಪು ಬಣ್ಣದಲ್ಲಿ ರಾಜಸ್ಥಾನದ ಅರಮನೆಗಳ ಝರೋಕಾ ಕಮಾನು. ಬೇರೆ ಯಾವ ದೇಶದ ಜಂಬೋ ಪಕ್ಕದಲ್ಲಿ ನಿಂತರೂ ನಮ್ಮದು ಮದುವೆ ಮನೆಗೆ ಹೊರಟ ಹಾಗೆ ಕಾಣುತ್ತಿತ್ತು.

ಆ ಕಮಾನು ಬರೀ ಹೊರಗಿನವರಿಗೆ. ಅಕ್ಕನ ಮಗ ಒಳಗೆ ಕೂತ ತಕ್ಷಣ ಕಿಟಕಿಯ ಅಂಚನ್ನು ಬೆರಳಲ್ಲಿ ತಡವಿ, ತಲೆ ಒಳಗೆ ತೂರಿಸಿ, 'ಡಿಸೈನ್ ಎಲ್ಲಿ?' ಅಂತ ಕೇಳಿದ. ಒಳಗಿನಿಂದ ಎಲ್ಲ ವಿಮಾನಗಳಲ್ಲಿರುವ ಅದೇ ಬೂದು ಪ್ಲಾಸ್ಟಿಕ್ ಚೌಕಟ್ಟು, ಮೇಲೆ ಕೆಳಗೆ ಜಾರುವ ಅದೇ ಮುಚ್ಚಳ. ಪಾಪ, ಲಂಡನ್ ಬರುವವರೆಗೂ ಅವನ ಮುಖ ಸಪ್ಪೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಏರ್ ಇಂಡಿಯಾಕ್ಕೆ ಮೊದಲ 747 ಬಂದದ್ದು 1971ರಲ್ಲಿ. ಹೆಸರು ಎಂಪರರ್ ಅಶೋಕ. ಆಮೇಲೆ ಬಂದ ಹಳೇ ಮಾದರಿಯವಕ್ಕೂ ರಾಜರ ಹೆಸರೇ: ಷಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಕನಿಷ್ಕ. ನಮ್ಮ ಕೃಷ್ಣದೇವರಾಯನ ಹೆಸರಿನದೂ ಒಂದಿತ್ತು. ಹಂಪಿ ಕಡೆಯವರೊಬ್ಬರು ತಾವು ಹೋದದ್ದು ಅದರಲ್ಲೇ ಅಂತ ಇವತ್ತಿಗೂ ಹೇಳಿಕೊಳ್ಳುತ್ತಾರೆ, ಟಿಕೆಟ್ ತೋರಿಸಿ ಅಂದರೆ ಮಾತು ಬದಲಿಸುತ್ತಾರೆ. 1993ರಿಂದ 747-400 ಬರತೊಡಗಿದಾಗ ರಾಜರು ಮುಗಿದು ಜಾಗಗಳ ಹೆಸರು ಶುರುವಾಯಿತು, ಕೊನಾರ್ಕ್, ಖಜುರಾಹೊ, ಅಜಂತಾ, ಆಗ್ರಾ. ಹಂಪಿ, ಬೇಲೂರು ಯಾಕೆ ನೆನಪಾಗಲಿಲ್ಲವೋ ಗೊತ್ತಿಲ್ಲ.

ಈಗ ಸೀಟಿನ ವಿಷಯ. ಎಕಾನಮಿಯಲ್ಲಿ ಒಂದು ಸಾಲಿಗೆ ಹತ್ತು ಸೀಟು. ಕಿಟಕಿ ಕಡೆ ಮೂರು, ನಡುವೆ ನಾಲ್ಕು, ಆ ಕಡೆ ಮೂರು. ಕಿಟಕಿ ಸಿಕ್ಕಿತು ಅಂತ ಖುಷಿಪಟ್ಟವನು ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕಾದರೆ ಮಲಗಿರುವ ಇಬ್ಬರನ್ನು ದಾಟಬೇಕು. ನಡುವಿನ ನಾಲ್ಕರಲ್ಲಿ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಒಂದು ಯುರೋಪಿನ ಕಂಪನಿಯ 747ರಲ್ಲಿ (ಹೆಸರು ಬೇಡ) ನನಗೆ ಆ ನಾಲ್ಕರ ಮಧ್ಯದ ಸೀಟು, ಹಿಂದಕ್ಕೆ ಬಾಗದ ಬೆನ್ನು, ಉರಿಯದ ಓದುವ ದೀಪ, ಮೂರೂ ಒಟ್ಟಿಗೆ ಸಿಕ್ಕಿದ್ದವು. ಹೇಳಿದರೆ ಕ್ಷಮಿಸಿ ಅಂದರು, ಒಂದು ಚಾಕೊಲೇಟ್ ಕೊಟ್ಟರು, ಅಷ್ಟೇ.

ಆದರೆ ವಿಮಾನದ ಮೈ ಹಿಂದಕ್ಕೆ ಹೋದಂತೆ ಸಣ್ಣದಾಗುತ್ತದೆ ಅಲ್ವಾ? ಕೊನೆಯ ಕೆಲವು ಸಾಲುಗಳಲ್ಲಿ ಮೂರು ಸೀಟು ಹಿಡಿಸುವುದಿಲ್ಲ. ಅಲ್ಲಿ ಕಿಟಕಿ ಕಡೆ ಎರಡೇ. ಗೋಡೆಯ ಬಾಗು ಒಂದು ಕಡೆ, ನೇರವಾಗಿ ಇಟ್ಟ ಸೀಟು ಇನ್ನೊಂದು ಕಡೆ, ನಡುವೆ ಒಂದು ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಕೈಚೀಲ ಹಿಡಿಸುತ್ತಿತ್ತು, ನೀರಿನ ಬಾಟಲಿ, ಚಪ್ಪಲಿ, ಮಡಚಿದ ಸ್ವೆಟರ್ ಎಲ್ಲ ಹಿಡಿಸುತ್ತಿತ್ತು. ದಿಂಬನ್ನು ಅಲ್ಲಿ ಸಿಕ್ಕಿಸಿ ಗೋಡೆಗೆ ಒರಗಿದರೆ ಒಳ್ಳೇ ನಿದ್ದೆ. ಗಂಡ ಹೆಂಡತಿ ಹೋಗುತ್ತಿದ್ದರೆ ಮೂರನೆಯವರ ಕಾಟವಿಲ್ಲ. ಅಪ್ಪ ಅಮ್ಮನನ್ನು ಮೊದಲ ಸಲ ಕಳಿಸುವಾಗ ನಾನು ಟಿಕೆಟ್ ಏಜೆಂಟ್ ಹತ್ತಿರ ಹಟ ಹಿಡಿದು ಇದನ್ನೇ ಕೇಳಿದೆ. ಅವನು 'ಎಲ್ಲರೂ ಮುಂದೆ ಕೇಳ್ತಾರೆ ಸಾರ್, ನೀವೊಬ್ರೇ ಹಿಂದೆ ಕೇಳೋದು' ಅಂದ.

ಎಲ್ಲರೂ ಮುಂದೆ ಕೇಳಲು ಕಾರಣ ಇತ್ತು, ಅದನ್ನೂ ಹೇಳಬೇಕು. ಮೊದಲನೆಯದು ಹೊಗೆ. ಒಂದು ಕಾಲದಲ್ಲಿ ಎಷ್ಟೋ ಕಂಪನಿಗಳಲ್ಲಿ ಎಕಾನಮಿಯ ಹಿಂದಿನ ಸಾಲುಗಳೇ ಸಿಗರೇಟು ಸೇದುವವರ ಜಾಗ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೋದವರು ಬಾಲ ಅಂದರೆ ಈಗಲೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಹೊಗಳುತ್ತಿರುವುದು ಸಿಗರೇಟು ನಿಂತ ಮೇಲಿನ ಬಾಲವನ್ನು. ಎರಡನೆಯದು ತೂಗಾಟ. ವಿಮಾನದ ತೂಕದ ನಡುಬಿಂದು ರೆಕ್ಕೆಯ ಹತ್ತಿರ ಇರುತ್ತದೆ, ಅಲ್ಲಿಂದ ದೂರ ಹೋದಷ್ಟೂ ಅಲುಗಾಟ ಜಾಸ್ತಿ. ಗಾಳಿ ಸರಿಯಿಲ್ಲದಾಗ ಬಾಲ ಎಡಕ್ಕೂ ಬಲಕ್ಕೂ ನಿಧಾನವಾಗಿ ಓಲಾಡುವುದು ಚೆನ್ನಾಗಿ ಗೊತ್ತಾಗುತ್ತಿತ್ತು. ಹೊಟ್ಟೆ ಸೂಕ್ಷ್ಮ ಇರುವವರು ರೆಕ್ಕೆಯ ಮೇಲೇ ಕೂರುವುದು ಸರಿ. ಮೂರನೆಯದು ಇಳಿಯುವಾಗ. 400 ಜನರ ಹಿಂದೆ ಇಳಿದು, ನ್ಯೂಯಾರ್ಕ್‌ನ ಜೆಎಫ್‌ಕೆಯಲ್ಲಿ ಇಮಿಗ್ರೇಷನ್ ಸಾಲಿನ ಕೊನೆಗೆ ನಿಂತರೆ ಕಾಲು ಬೀಳುತ್ತದೆ. ಊಟದ ಗಾಡಿಯೂ ಹಿಂದಕ್ಕೆ ಕೊನೆಗೇ ಬರುತ್ತದೆ, ಅಷ್ಟು ಹೊತ್ತಿಗೆ ಆಯ್ಕೆ ಅಂತ ಏನೂ ಉಳಿದಿರುವುದಿಲ್ಲ.

ಇಷ್ಟಾದರೂ ನಾನು ಹಿಂದೆಯೇ ಅನ್ನುತ್ತೇನೆ. ಅದಕ್ಕೆ ಇನ್ನೊಂದು ಕಾರಣ ಅಡುಗೆ ಜಾಗ. ಹಿಂದಿನ ಗ್ಯಾಲಿಯ ಹತ್ತಿರ ರಾತ್ರಿಯಿಡೀ ನಾಲ್ಕು ಜನ ನಿಂತೇ ಇರುತ್ತಿದ್ದರು. ಎರಡು ಓಣಿ ಇದ್ದದ್ದರಿಂದ ಒಂದರಲ್ಲಿ ಹಿಂದಕ್ಕೆ ಬಂದು ಇನ್ನೊಂದರಲ್ಲಿ ಮುಂದಕ್ಕೆ ಹೋಗಬಹುದಿತ್ತು, ಮಂಡಿ ನೋವಿನ ಹಿರಿಯರು ಸುಮ್ನೆ ಸುತ್ತು ಹಾಕುತ್ತಾ ಇರುತ್ತಿದ್ದರು. ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು ಅಲ್ಲೇ ಪರಿಚಯ ಆಗಿ, ಯಾವ ಊರು, ಅಳಿಯ ಏನು ಮಾಡ್ತಾರೆ, ಹೀಟರ್ ಇರುವ ಮನೆಯಲ್ಲಿ ಮೊಸರು ಹೆಪ್ಪಾಗುತ್ತಾ ಅಂತ ಮಾತಾಡುತ್ತಿದ್ದರು. ಒಬ್ಬ ಪರಿಚಾರಕಿ ಕನ್ನಡದವರು ಅಂತ ಗೊತ್ತಾದ ಮೇಲೆ ಅಮ್ಮನಿಗೆ ಕಾಫಿ ಎರಡನೇ ಸಲವೂ ಬಂತು. ಬೆಳಗಿನ ಉಪ್ಪಿಟ್ಟಿಗೆ ಮಾತ್ರ ನಾನು ಹೆಚ್ಚು ಅಂಕ ಕೊಡಲಾರೆ, ಫಾಯಿಲ್ ಡಬ್ಬಿಯಲ್ಲಿ ಬಿಸಿ ಮಾಡಿದ ಉಪ್ಪಿಟ್ಟು ಎಲ್ಲಿ ತಿಂದರೂ ಅಷ್ಟೇ.

ಹಾರಾಟದ ಬಗ್ಗೆ ಹೇಳುವುದಾದರೆ, ಮೇಲೇಳುವುದಕ್ಕೆ ಅದು ತುಂಬಾ ಹೊತ್ತು ತೆಗೆದುಕೊಳ್ಳುತ್ತಿತ್ತು. ಇಂಧನ ತುಂಬಿಸಿಕೊಂಡು ಬಾಂಬೆ ಬಿಡುವಾಗ ಓಡುತ್ತೆ, ಓಡುತ್ತೆ, ಇನ್ನೂ ಓಡುತ್ತೆ. ಮೇಲಿನ ಡಬ್ಬಿಗಳು ಗಡಗಡ ಅನ್ನುತ್ತವೆ. ರೆಕ್ಕೆಯ ತುದಿ ನಿಧಾನವಾಗಿ ಮೇಲಕ್ಕೆ ಬಾಗುವುದು ಕಿಟಕಿಯಿಂದ ಕಾಣುತ್ತದೆ, ಆಮೇಲೆ ಗಡಗಡ ನಿಂತಾಗಲೇ ನೆಲ ಬಿಟ್ಟದ್ದು ಗೊತ್ತಾಗುವುದು. ಒಮ್ಮೆ ಮೇಲೆ ಹೋದ ಮೇಲೆ ಆ ಭಾರವೇ ಅನುಕೂಲ. ಚಿಕ್ಕ ವಿಮಾನ ಕುಣಿಯುವ ಮೋಡದಲ್ಲಿ ಇದು ಸ್ವಲ್ಪ ಅಲುಗಾಡಿ ಮುಂದೆ ಹೋಗುತ್ತಿತ್ತು.

ಮನರಂಜನೆ ಸಾಧಾರಣ. ಹಳೇ 747ರಲ್ಲಿ ಹೋದ ದೊಡ್ಡಪ್ಪ ಹೇಳುವ ಪ್ರಕಾರ ಇಯರ್‌ಫೋನಿನಲ್ಲಿ ವೈರೇ ಇರಲಿಲ್ಲ, ಡಾಕ್ಟರ ಸ್ಟೆತಸ್ಕೋಪಿನಂಥ ಟೊಳ್ಳು ನಳಿಗೆ, ಸೀಟಿನ ಕೈಯಲ್ಲಿದ್ದ ತೂತಿಗೆ ಸಿಕ್ಕಿಸಿದರೆ ಶಬ್ದ ಗಾಳಿಯಲ್ಲೇ ಕಿವಿಗೆ ಬರುತ್ತಿತ್ತು. ಅದು ನಿಜವೇ, ಆ ಕಾಲದ ವಿಮಾನಗಳಲ್ಲಿ ಹಾಗೇ ಇತ್ತು. ಸಿನಿಮಾ ಮುಂದಿನ ಗೋಡೆಯ ಪರದೆ ಮೇಲೆ, ಎಲ್ಲರಿಗೂ ಒಂದೇ. ಮುಂದೆ ಎತ್ತರದವರು ಕೂತರೆ ಅರ್ಧ ಸಿನಿಮಾ.

ಮೇಲಿನ ಮಹಡಿ ಯಾಕೆ ಬಂತು ಅನ್ನುವುದು ಮಾತ್ರ ನನಗೆ ಬಹಳ ಇಷ್ಟದ ಕತೆ. ಬೋಯಿಂಗ್ ಎಂಜಿನಿಯರ್ ಜೋ ಸಟರ್ ಅವರ ತಂಡ 1960ರ ದಶಕದಲ್ಲಿ ಇದನ್ನು ರೂಪಿಸುವಾಗ, ಮುಂದೆ ಪ್ರಯಾಣಿಕರೆಲ್ಲ ಶಬ್ದಕ್ಕಿಂತ ವೇಗದ ವಿಮಾನಗಳಿಗೆ ಹೋಗುತ್ತಾರೆ, ಆಗ ಇದು ಸರಕು ಸಾಗಿಸಿ ಬದುಕಬೇಕಾಗುತ್ತದೆ ಅನ್ನುವ ಲೆಕ್ಕಾಚಾರ ಇತ್ತು. ಮೂಗು ಎತ್ತಿ ಸಾಮಾನು ತುಂಬಬೇಕಾದರೆ ಪೈಲಟ್ ದಾರಿಗೆ ಅಡ್ಡ ಇರಬಾರದು. ಅದಕ್ಕೆ ಕಾಕ್‌ಪಿಟ್ ಮೇಲಕ್ಕೆ ಹೋಯಿತು, ಅದರ ಹಿಂದೆ ಉಳಿದ ಗೂನು ಜಾಗವೇ ಲೌಂಜಾಯಿತು. ಕೆಳಗೆ ಮೂಗಿನಲ್ಲಿ ಕೂತ ಫಸ್ಟ್ ಕ್ಲಾಸಿನವರು ಪೈಲಟ್‌ಗಿಂತ ಮುಂದೆ ಇರುತ್ತಿದ್ದರು. ಕೊನೆಗೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾನ್‌ಕಾರ್ಡ್ 2003ರಲ್ಲೇ ನಿಂತುಹೋಯಿತು, 747 ಅದರ ನಂತರವೂ ಎಷ್ಟೋ ವರ್ಷ ಜನರನ್ನು ಹೊತ್ತಿತು. ನನ್ನ ಸಹೋದ್ಯೋಗಿಯೊಬ್ಬರಿಗೆ ಒಮ್ಮೆ ಮೇಲೆ ಸೀಟು ಸಿಕ್ಕಿತ್ತು. ಅವರು ಹೊಗಳಿದ್ದು ಸದ್ದಿಲ್ಲದ್ದನ್ನು ಮತ್ತು ಕಿಟಕಿಯ ಕೆಳಗಿನ ಉದ್ದ ಡಬ್ಬಿಯನ್ನು, ಎದ್ದೇಳದೆ ಬ್ಯಾಗ್ ಇಡಬಹುದಂತೆ. ಅಂದರೆ ಅವರಿಗೂ ಇಷ್ಟವಾದದ್ದು ಗೋಡೆ ಪಕ್ಕದ ಜಾಗವೇ!

ಈ ವಿಮಾನದ ಬಗ್ಗೆ ಬರೆಯುವಾಗ ಎರಡು ದಿನಗಳನ್ನು ಬಿಡಲಾಗದು. 1978ರ ಜನವರಿ 1ರಂದು ಎಂಪರರ್ ಅಶೋಕ ಬಾಂಬೆಯಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು, 213 ಜನ ಹೋದರು. 1985ರ ಜೂನ್ 23ರಂದು ಐರ್ಲೆಂಡ್ ಕರಾವಳಿಯಾಚೆ ಕನಿಷ್ಕದಲ್ಲಿ ಬಾಂಬ್ ಸ್ಫೋಟವಾಗಿ 329 ಜನ ಸತ್ತರು. ಎರಡನೆಯದರಲ್ಲಿ ವಿಮಾನದ ತಪ್ಪೇನೂ ಇರಲಿಲ್ಲ. ಆದರೂ ಆಮೇಲೆ ವರ್ಷಗಟ್ಟಲೆ ನಮ್ಮ ಮನೆಗಳಲ್ಲಿ ಮಕ್ಕಳು ತಲುಪಿದ ಫೋನ್ ಬರುವವರೆಗೂ ದೊಡ್ಡವರು ನಿದ್ದೆ ಮಾಡುತ್ತಿರಲಿಲ್ಲ.

ಯಾಕೆ ನಿಂತಿತು ಅಂದರೆ ನಾಲ್ಕು ಎಂಜಿನ್. ಎರಡೇ ಎಂಜಿನ್ನಿನ 777, ಆಮೇಲೆ 787 ಅಷ್ಟೇ ದೂರ ಕಡಿಮೆ ಇಂಧನದಲ್ಲಿ ಹೋಗತೊಡಗಿದವು. ಅಲ್ಲಿಗೆ ಲೆಕ್ಕ ಮುಗಿಯಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2017ರಲ್ಲೇ ಬಿಟ್ಟಿತು, ಕೋವಿಡ್ ಬಂದ 2020ರಲ್ಲಿ ಕೆಎಲ್‌ಎಂ, ಕ್ವಾಂಟಾಸ್, ಬ್ರಿಟಿಷ್ ಏರ್‌ವೇಸ್ ಸಾಲಾಗಿ ಬಿಟ್ಟವು. ಏರ್ ಇಂಡಿಯಾ 2018ರ ಹಬ್ಬದ ಸಮಯದಲ್ಲಿ ದೆಹಲಿಯಿಂದ ಕೋಲ್ಕತ್ತಾಗೆ, ಮುಂಬೈಗೆ ಇದನ್ನು ಹಾಕಿತ್ತು. ಎರಡು ಗಂಟೆಯ ದಾರಿಗೆ ಜಂಬೋ! ದೆಹಲಿಯಲ್ಲಿದ್ದ ಕನ್ನಡದ ಗೆಳೆಯನೊಬ್ಬ ಕೆಲಸವೇ ಇಲ್ಲದೆ ಮುಂಬೈಗೆ ಹೋಗಿ ಬಂದ. 2024ರ ಏಪ್ರಿಲ್‌ನಲ್ಲಿ ಆಗ್ರಾ ಅನ್ನುವ ವಿಮಾನ ಮುಂಬೈನಿಂದ ಅಮೆರಿಕಕ್ಕೆ ಹೊರಟಿತು, ಬಿಡಿಭಾಗಗಳಿಗಾಗಿ ಬಿಚ್ಚಲು. ಮೇಲೇಳುತ್ತಾ ಪೈಲಟ್ ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ಓಲಾಡಿಸಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು.

ಅಂಕ ಕೊಡುವುದಾದರೆ ಜಾಗಕ್ಕೆ ಐದಕ್ಕೆ ಐದು, ಬಾಲದಲ್ಲಿ ಕೂತಿದ್ದರೆ ಮಾತ್ರ. ನಡುವಿನ ನಾಲ್ಕರಲ್ಲಾದರೆ ಎರಡು. ಹಾರಾಟಕ್ಕೆ ನಾಲ್ಕೂವರೆ, ಸಿನಿಮಾಕ್ಕೆ ಒಂದೂವರೆ.

ಇನ್ನೂ 747ರಲ್ಲಿ ಕೂರಬೇಕು ಅನ್ನುವವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಲುಫ್ತಾನ್ಸಾ ಹತ್ತಿರ 747-8 ಅನ್ನುವ ಕೊನೆಯ ಮಾದರಿಯವು ಇನ್ನೂ ಇವೆ, ಅವು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೂ ಬಂದಿವೆ. ಬುಕ್ ಮಾಡುವ ಮುಂಚೆ ಯಾವ ವಿಮಾನ ಅಂತ ನೋಡಿಕೊಳ್ಳಿ, ಯಾಕೆಂದರೆ ವೇಳಾಪಟ್ಟಿಯ ಜೊತೆ ವಿಮಾನವೂ ಬದಲಾಗುತ್ತದೆ. ಸೀಟ್ ಮ್ಯಾಪ್ ತೆರೆದಾಗ ರೆಕ್ಕೆಯ ಹತ್ತಿರವೇ ನಿಂತುಬಿಡಬೇಡಿ, ಕೆಳಕ್ಕೆ ಎಳೆದು ಎರಡೆರಡು ಸೀಟು ಇರುವ ಸಾಲು ಉಳಿದಿದೆಯಾ ಅಂತ ಹುಡುಕಿ.