ಎಡಕುಮೇರಿ ದಾರಿಯ ಹಗಲು ರೈಲು: ಯಾವ ಸೀಟು, ಯಾವ ತಿಂಗಳು, ಏನು ನೋಡಬೇಕು

ಮಂಗಳೂರು ಜಂಕ್ಷನ್ನಿನಿಂದ ಯಶವಂತಪುರಕ್ಕೆ ಹೋಗುವ ಹಗಲು ರೈಲಿನ ಹೊಗಳಿಕೆಯೆಲ್ಲ ಈಗ ವಿಸ್ಟಾಡೋಮ್ ಡಬ್ಬಿಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಗಾಜಿನ ಚಾವಣಿ, ತಿರುಗುವ ಕುರ್ಚಿ, ಸೆಲ್ಫಿ. ಇದು ಆ ಡಬ್ಬಿಯ ವಿಮರ್ಶೆಯಲ್ಲ, ಇಡೀ ಸೇವೆಯದ್ದು. ಕೊಟ್ಟ ಕಾಸಿಗೆ ಇಲ್ಲಿ ಸಿಗುವ ಅಸಲು ಸರಕು ಕಾಡಿನ ನೋಟವಲ್ಲ. ಕಾಡು ಶಿರಾಡಿಯ ಬಸ್ಸಿನಿಂದಲೂ ಕಾಣುತ್ತದೆ. ದುಡಿಯುತ್ತಿರುವ ಒಂದು ಘಾಟಿ ರೈಲು ಮಾರ್ಗವನ್ನು, ಅದರ ನಟ್ಟನಡುವೆ ರಸ್ತೆಯೇ ಇಲ್ಲದ ಎಡಕುಮೇರಿಯಂಥ ನಿಲ್ದಾಣವನ್ನು, ಹಗಲು ಬೆಳಕಿನಲ್ಲಿ ಕೂತಲ್ಲೇ ನೋಡಲು ಬಿಡುವುದು ಈ ಹಗಲು ಸೇವೆಯೇ.

ಮೊದಲು ಟಿಕೆಟಿನ ವಿಚಾರ. ಮಂಗಳೂರು ಜಂಕ್ಷನ್ನಿನಿಂದ ಗೋಮಟೇಶ್ವರ ಎಕ್ಸ್‌ಪ್ರೆಸ್ ವಾರಕ್ಕೆ ಮೂರು ದಿನ, ಭಾನುವಾರ ಇನ್ನೊಂದು ಗಾಡಿ. ಉಡುಪಿ, ಕುಂದಾಪುರದವರಿಗೆ ವಾರಕ್ಕೆ ಮೂರು ದಿನದ ಕಾರವಾರ–ಯಶವಂತಪುರ ಗಾಡಿ ಅನುಕೂಲ. ಬುಕ್ ಮಾಡುವ ಮುಂಚೆ ಗಾಡಿ ಓಡುತ್ತಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು: ಘಾಟಿಯ ವಿದ್ಯುದೀಕರಣಕ್ಕೆಂದು 2025ರಲ್ಲಿ ಇವೇ ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಪಂಚಗಂಗಾ, ಕಣ್ಣೂರು, ಮುರ್ಡೇಶ್ವರ ಗಾಡಿಗಳಲ್ಲಿ ಟಿಕೆಟ್ ಸಿಕ್ಕಿತೆಂದು ಹಿಗ್ಗಬೇಡಿ. ಅವೆಲ್ಲ ಘಾಟಿ ದಾಟುವುದು ರಾತ್ರಿ. ಕಿಟಕಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಮಂಗಳೂರಿನಿಂದ ಹೊರಟರೆ ಎಡಗಡೆಯ ಕಿಟಕಿ, ಬೆಂಗಳೂರಿನಿಂದ ಬಂದರೆ ಬಲಗಡೆಯದು. ಹಳಿ ಕೆಂಪುಹೊಳೆ ಕಣಿವೆಯ ದಕ್ಷಿಣದ ಗೋಡೆಗೆ ಅಂಟಿಕೊಂಡು ಏರುತ್ತದೆ, ಹೊಳೆ ಮತ್ತು ಹೆದ್ದಾರಿ 75 ಉತ್ತರಕ್ಕೆ, ಕೆಳಗೆ. ಇನ್ನೊಂದು ಬದಿಯಲ್ಲಿ ಕೂತರೆ ಬಹುಪಾಲು ಹೊತ್ತು ಕಡಿದ ಧರೆ, ಜರಿಗಿಡ, ಒಸರುವ ನೀರು.

ವಿಸ್ಟಾಡೋಮ್ ಬೇಕೇ? 2021ರ ಜುಲೈಯಲ್ಲಿ ಈ ಮಾರ್ಗಕ್ಕೆ ಬಂದ ಡಬ್ಬಿ ಇದು, 44 ಸೀಟು, ಕುರ್ಚಿ 180 ಡಿಗ್ರಿ ತಿರುಗುತ್ತದೆ. ವಯಸ್ಸಾದವರಿಗೆ, ಎ.ಸಿ. ಇಲ್ಲದೆ ಆಗದವರಿಗೆ ಸರಿ. ಉಳಿದವರಿಗೆ ನಮ್ಮ ಶಿಫಾರಸು ಸೆಕೆಂಡ್ ಸಿಟ್ಟಿಂಗಿನ ಕಿಟಕಿ ಸೀಟು. ದರ ಅದರ ಒಂದು ಚೂರು, ಅದಿರಲಿ. ಮಳೆಗಾಲದಲ್ಲಿ ಎ.ಸಿ. ಡಬ್ಬಿಯ ಗಾಜಿಗೆ ಹೊರಗಿನಿಂದ ಮಂಜು ಕಟ್ಟುತ್ತದೆ, ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಬಿಸಿಲಿದ್ದರೆ ಚಾವಣಿಯ ಬೆಳಕು ಪಕ್ಕದ ಗಾಜಿನಲ್ಲಿ ಪ್ರತಿಫಲಿಸಿ ಫೋಟೊ ಹಾಳು. ಕೊನೆಯ ಡಬ್ಬಿಯ ದೊಡ್ಡ ಗಾಜಿನ ಆಸೆಯಿದ್ದರೆ ಇನ್ನೊಂದು ತೊಡಕು: ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಬಂದು ಕೂಡಿಕೊಂಡರೆ ಗಾಜಿನಾಚೆ ಕಾಣುವುದು ಅದರ ಮೂತಿ ಮಾತ್ರ. ತೆರೆಯುವ ಕಿಟಕಿಯಲ್ಲಿ ಸುರಂಗದ ತಂಪು, ಚಕ್ರ ತಿರುವಿನಲ್ಲಿ ಕಿರುಗುಡುವುದು, ಎಂಜಿನ್ನಿನ ಏದುಸಿರು ಎಲ್ಲ ಬಿಟ್ಟಿಯಾಗಿ ಸಿಗುತ್ತವೆ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ ಮಾರಾಯ್ರೆ, ಸುರಂಗದ ಗೋಡೆಗೂ ಡಬ್ಬಿಗೂ ನಡುವೆ ತಲೆ ಹಾಕುವಷ್ಟು ಜಾಗವಿಲ್ಲ.

ಪುತ್ತೂರಿನವರೆಗೆ ತೋಟ, ಗುಡ್ಡ, ವಿಶೇಷವೇನಿಲ್ಲ, ಊಟ ಮುಗಿಸಿಕೊಳ್ಳಿ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಗಾಡಿ ಸುಮ್ಮನೆ ನಿಂತಿದೆ ಎಂದು ಗೊಣಗುವವರು ಬಹಳ. ಘಾಟಿ ಏರಲು ಆ ಬ್ಯಾಂಕರ್ ಎಂಜಿನ್ ಜೋಡಿಸುವುದು, ಆಮೇಲೆ ಬ್ರೇಕಿನ ಗಾಳಿಯ ಒತ್ತಡ ಡಬ್ಬಿಯಿಂದ ಡಬ್ಬಿಗೆ ಸರಿಯಾಗಿ ಹರಿಯುತ್ತಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಆಗುವುದು ಈ ನಿಲುಗಡೆಯಲ್ಲೇ. ಮುಂದಿನ ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಮೇಲೆ. ರಸ್ತೆಯವರಿಗೆ ಇದು ನಗೆಪಾಟಲು, ಉಕ್ಕಿನ ಮೇಲೆ ಉಕ್ಕು ಉರುಳುವಲ್ಲಿ ಇದು ಕಡಿದಾದ ಏರು. ಹಳಿ ಒದ್ದೆಯಿದ್ದು ಎಲೆ ಬಿದ್ದಿದ್ದರೆ ಚಕ್ರ ಒಂದೇ ಕಡೆ ಗಿರ್ರನೆ ಸುತ್ತುತ್ತದೆ. ಆಗ ಚಾಲಕ ಚಕ್ರದ ಮುಂದೆ ಹಳಿಯ ಮೇಲೆ ಮರಳು ಸುರಿಸುತ್ತಾನೆ; ಎಂಜಿನ್ನಿನಲ್ಲೇ ಅದಕ್ಕೆ ಪೆಟ್ಟಿಗೆ, ಕೊಳವೆ ಇರುತ್ತವೆ. ತಿರುವುಗಳು 8 ಡಿಗ್ರಿವರೆಗೂ ಇವೆ, ಸುಮಾರು 219 ಮೀಟರ್ ತ್ರಿಜ್ಯ. ಅಂಥಲ್ಲಿ ಒಳಹಳಿಯ ಪಕ್ಕ ಇನ್ನೊಂದು ಹಳಿ ಕಾಣುತ್ತದೆ. ಅದು ಚೆಕ್ ರೈಲು, ಹೊರಹಳಿಯನ್ನು ಹತ್ತಿ ಜಾರಲು ಹೊರಟ ಚಕ್ರವನ್ನು ಒಳಗಡೆಯಿಂದ ತಡೆದು ಹಿಡಿಯುತ್ತದೆ. ವೇಗ ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿ.ಮೀ.ಗೆ ಎರಡೂವರೆ ಗಂಟೆ ಹಿಡಿಯುವುದನ್ನು ಈ ಸೇವೆಯ ದೋಷವೆಂದು ಬರೆಯುವವರು ಬಸ್ಸಿಗೆ ಹೋಗಬಹುದು.

ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್. ಸುಬ್ರಹ್ಮಣ್ಯ ರೋಡಿಗೂ ಸಕಲೇಶಪುರಕ್ಕೂ ನಡುವೆ ಬರುವ ನಿಲ್ದಾಣಗಳು ಇವು ನಾಲ್ಕು, ಇವುಗಳಲ್ಲಿ ನೋಡಬೇಕಾದ್ದು ಎಡಕುಮೇರಿ. ಒಂದು ಕಟ್ಟಡ, ಮೂರ್ನಾಲ್ಕು ಹಳಿ, ಹಿಂದೆ ಕಾಡು, ಮುಂದೆ ಪ್ರಪಾತ. ವಾಹನ ಹೋಗುವ ರಸ್ತೆ ಇಲ್ಲ. ಸ್ಟೇಷನ್ ಮಾಸ್ತರರು, ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹಳಿ ರಿಪೇರಿಯ ಗ್ಯಾಂಗಿನವರು ಬರುವುದೂ ರೈಲಿನಲ್ಲೇ, ಅವರ ಅಕ್ಕಿ, ತರಕಾರಿ ಬರುವುದೂ ರೈಲಿನಲ್ಲೇ. ಮೀಟರ್ ಗೇಜ್ (ಕಿರಿದಾದ ಹಳಿ) ಕಾಲದ ಪಾಳು ಕ್ವಾರ್ಟರ್ಸುಗಳ ಮೇಲೆ ಬಳ್ಳಿ ಹಬ್ಬಿದೆ.

ಟಿಕೆಟ್ ಮಾರಿ ಬದುಕುವ ನಿಲ್ದಾಣವಲ್ಲ ಇದು. ಹಾಗಾದರೆ ಯಾಕಿದೆ? ಲೆಕ್ಕ ಸರಳ. ಹಳಿ ಒಂಟಿ. ನಡುವೆ ನಿಲ್ದಾಣವೇ ಇಲ್ಲದಿದ್ದರೆ ಒಂದು ಗಾಡಿ 55 ಕಿ.ಮೀ. ಏರಿ ಮುಗಿಸುವ ತನಕ ಎದುರಿನದು ಸಕಲೇಶಪುರದಲ್ಲಿ ಕಾಯಬೇಕು. ದಿನಕ್ಕೆ ಎರಡೂ ದಿಕ್ಕು ಸೇರಿ ಒಂಬತ್ತು ಗಾಡಿಯ ಮೇಲೆ ಹೋಗದು. ನಾಲ್ಕು ನಿಲ್ದಾಣ ಹಾಕಿದ ಕೂಡಲೇ ದಾರಿ ಸರಾಸರಿ 11 ಕಿ.ಮೀ.ಯ ಐದು ತುಂಡಾಗುತ್ತದೆ, ಒಂದು ಗಾಡಿಯನ್ನು ಪಕ್ಕದ ಹಳಿಗೆ ಸರಿಸಿ ಇನ್ನೊಂದನ್ನು ಬಿಡಬಹುದು. ನಿಮ್ಮ ಗಾಡಿ ಇಲ್ಲಿ ನಿಂತು ಎದುರಿನಿಂದ ಗೂಡ್ಸ್ ಇಳಿದು ಹೋದರೆ ಆ ವ್ಯಾಗನ್ನುಗಳನ್ನು ಗಮನಿಸಿ: ಪಣಂಬೂರಿನ ಬಂದರಿನ ವ್ಯವಹಾರ ಈ ಕ್ರಾಸಿಂಗಿನ ಮೇಲೆ ನಿಂತಿದೆ. ಇಳಿಯುವ ದಾರಿಯಲ್ಲಿ ಕ್ಯಾಚ್ ಸೈಡಿಂಗ್ ಎಂಬ ಕವಲು ಹಳಿ ಇರುತ್ತದೆ. ಬ್ರೇಕು ಹಿಡಿತ ತಪ್ಪಿ ಓಡಿಬಂದ ಗಾಡಿಯನ್ನು ನಿಲ್ದಾಣಕ್ಕೆ ನುಗ್ಗಗೊಡದೆ ಗುಡ್ಡದ ಕಡೆಗೆ ಹತ್ತಿಸಿ ನಿಲ್ಲಿಸುವ ವ್ಯವಸ್ಥೆ. ಎಲ್ಲೂ ಹೋಗದೆ ಮೇಲಕ್ಕೇರಿ ಮುಗಿಯುವ ಹಳಿ ಕಂಡರೆ ಅದೇ.

ಇತಿಹಾಸವೂ ಬಂದರಿನದ್ದೇ. ಮಂಗಳೂರಿಗೆ ರೈಲು 1907ರಲ್ಲೇ ಬಂದರೂ ಅದು ಬಂದದ್ದು ಮಲಬಾರಿನ ಕಡೆಯಿಂದ. ಬೆಂಗಳೂರಿಗೆ ಹೋಗುವವರು ಕೇರಳ ಸುತ್ತಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಪೂರ್ತಿಯಾದದ್ದು 1979ರಲ್ಲಿ. 1996ರಲ್ಲಿ ಅಗಲ ಹಳಿಯ, ಅಂದರೆ ಬ್ರಾಡ್ ಗೇಜ್, ಕೆಲಸಕ್ಕೆಂದು ಘಾಟಿ ಮುಚ್ಚಿತು, ಮುಚ್ಚಿಯೇ ಇತ್ತು. ರೈಲ್ವೆ ಮತ್ತು ರಾಜ್ಯ ಸರ್ಕಾರ ಪಾಲುದಾರರಾದ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪೆನಿ ಬಂದ ಮೇಲೆ ಕೆಲಸ ಸಾಗಿ, 2006ರಲ್ಲಿ ಗೂಡ್ಸ್ ಓಡಿತು. ಪ್ರಯಾಣಿಕರಿಗೆ ದಾರಿ ತೆರೆದದ್ದು 2007ರ ಡಿಸೆಂಬರಿನಲ್ಲಿ. ಸರಕು ಮೊದಲು, ಜನ ಆಮೇಲೆ. ಕರಾವಳಿಯವರಿಗೆ ಆ ಹನ್ನೊಂದು ವರ್ಷದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಬಂದರಿಗೆ ಕಬ್ಬಿಣದ ಅದಿರು ಓಡದಿದ್ದರೆ ಈ ಹಳಿಗೆ ದುಡ್ಡು ಹಾಕುವವರು ಯಾರಿದ್ದರು ಎಂದೂ ಕೇಳಬೇಕಾಗುತ್ತದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಘಾಟಿಯ ಸರಕಿಗೂ ಅದರ ಹೊಡೆತ ಬಿತ್ತು.

ನಮ್ಮ ಮೀಟರ್ ಗೇಜ್ ಹಳಿ ಹಾಕುತ್ತಿದ್ದ ಕಾಲಕ್ಕೇ, 1974ರಿಂದ, ಸೈಬೀರಿಯಾದಲ್ಲಿ ಬೈಕಾಲ್–ಅಮೂರ್ ಮಾರ್ಗದ ದೊಡ್ಡ ಕೆಲಸ ನಡೆಯುತ್ತಿತ್ತು. ಹಳಿಗಳು ಕೂಡಿದ್ದು 1984ರಲ್ಲಿ. ಅಲ್ಲಿ ಕಾಡಿನ ನಡುವಿನ ನಿಲ್ದಾಣಗಳನ್ನು ಸೋವಿಯತ್ ಗಣರಾಜ್ಯಗಳಿಗೆ, ನಗರಗಳಿಗೆ ಹಂಚಿ ಊರುಗಳನ್ನೇ ಕಟ್ಟಿಸಿದರು: ತಕ್ಸಿಮೋವನ್ನು ಲಾಟ್ವಿಯಾದವರು, ಕುವಾಂದಾವನ್ನು ಉಜ್ಬೇಕಿಸ್ತಾನದವರು, ಸೆವೆರೋಬೈಕಾಲ್ಸ್ಕನ್ನು ಲೆನಿನ್‌ಗ್ರಾಡಿನವರು. ಶಾಲೆ, ಆಸ್ಪತ್ರೆ, ಸಂಗೀತ ಶಾಲೆ ಎಲ್ಲ. ಕಟ್ಟುವ ಕೆಲಸ ಮುಗಿದು ಸೋವಿಯತ್ ಒಕ್ಕೂಟವೂ ಮುಗಿದ ಮೇಲೆ ಜನ ಗಂಟುಮೂಟೆ ಕಟ್ಟಿದರು. 1989ರಲ್ಲಿ 60 ಸಾವಿರ ಜನ ದಾಟಿದ್ದ, ಅದೇ ಮಾರ್ಗದ ಟಿಂಡಾ ಪಟ್ಟಣದಲ್ಲಿ ಈಗ ಅರ್ಧದಷ್ಟೂ ಇಲ್ಲ. ಎಡಕುಮೇರಿಯಲ್ಲಿ ಅಂಥ ಊರನ್ನು ಕಟ್ಟಲೇ ಇಲ್ಲ. ಸಂಸಾರ ಪುತ್ತೂರಿನಲ್ಲೋ ಸಕಲೇಶಪುರದಲ್ಲೋ, ಪಾಳಿ ಮಾತ್ರ ಇಲ್ಲಿ. ರೈಲ್ವೆಗೆ ಇದು ಅಗ್ಗ, ಕಾಡಿಗೂ ಒಳ್ಳೆಯದು. ಪಾಳಿಯವರಿಗೆ ಒಳ್ಳೆಯದೆಂದು ನಾವು ಹೇಳುವುದಿಲ್ಲ.

ಮಳೆಗಾಲದಲ್ಲಿ ಹೋಗಬೇಕೆಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಜುಲೈ, ಆಗಸ್ಟಿನಲ್ಲಿ ಕಣಿವೆ ತುಂಬ ಮಂಜು. ತೊರೆಗಳ ಸದ್ದು ಕೇಳುತ್ತದೆ, ತೊರೆ ಕಾಣುವುದಿಲ್ಲ. ಗಾಡಿ ಓಡುತ್ತದೆಂಬ ಖಾತ್ರಿಯೂ ಇಲ್ಲ. 2018ರ ಆಗಸ್ಟಿನ ಸರಣಿ ಕುಸಿತಕ್ಕೆ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಎರಡು ವಾರದಷ್ಟು ಸಂಚಾರ ನಿಂತಿತು. ಮೇಲಿನ ಧರೆ ಕುಸಿದರೆ ಯಂತ್ರ ತಂದು ಮಣ್ಣು ತೆಗೆದು ಗಾಡಿ ಬಿಡಬಹುದು. ಹಳಿ ಹೊತ್ತ ದಿಣ್ಣೆಯ ಬುಡವೇ ಜಾರಿದರೆ ಕೆಳಗಿನಿಂದ ಕಟ್ಟಿಕೊಂಡು ಬರಬೇಕು: ಬಂಡೆ, ತಂತಿಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್, ಮರಳು ಚೀಲ. ರಸ್ತೆಯಿಲ್ಲದ ಕಾರಣ ಅಷ್ಟೂ ವ್ಯಾಗನ್ನಿನಲ್ಲೇ ಬರಬೇಕು, ಅದೂ ಹಳಿ ಉಳಿದಿರುವ ಜಾಗದ ತನಕ. ಮಳೆ ನೀರು ಹೋಗುವ ಚರಂಡಿ ಎಲೆ, ಮಣ್ಣಿನಿಂದ ಕಟ್ಟಿಕೊಂಡು ನೀರು ದಿಣ್ಣೆಯೊಳಗೆ ಇಂಗುವುದೇ ಹೆಚ್ಚಿನ ಸಲ ಶುರುವಾತು. ಮಳೆಗಾಲದ ರಾತ್ರಿಗಳಲ್ಲಿ ಹಳಿ ಕಾಯುವ ಪ್ಯಾಟ್ರೋಲ್‌ಮನ್ ಟಾರ್ಚು, ವಾಕಿಟಾಕಿ, ಹಳಿಗೆ ಕಟ್ಟುವ ಪಟಾಕಿ ಹಿಡಿದು ಸುರಂಗದಿಂದ ಸುರಂಗಕ್ಕೆ ನಡೆಯುವುದು ಅದಕ್ಕೇ. ಗಾಡಿ ಚಕ್ರ ಆ ಪಟಾಕಿಯ ಮೇಲೆ ಹತ್ತಿ ಢಂ ಎಂದರೆ ಚಾಲಕ ನಿಲ್ಲಿಸಲೇಬೇಕು.

ನಮ್ಮ ಮಟ್ಟಿಗೆ ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ತೊರೆಗಳಲ್ಲಿ ನೀರಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಹೋಗುವುದೇ ಆದರೆ ಮರುದಿನ ಬೆಂಗಳೂರಿನಲ್ಲಿ ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳಬೇಡಿ. ರೈಲ್ವೆಯವರೇ ಗಾಡಿ ರದ್ದು ಮಾಡಿದರೆ ಇ-ಟಿಕೆಟಿನ ಪೂರ್ತಿ ಹಣ ತಾನಾಗಿ ಖಾತೆಗೆ ಬರುತ್ತದೆ, ನೀವು ಮೊದಲೇ ರದ್ದು ಮಾಡಿದರೆ ಕಡಿತ ಆಗುತ್ತದೆ; ಹಾಗಾಗಿ ಕುಸಿತದ ಸುದ್ದಿ ಕೇಳಿದ ಕೂಡಲೇ ಗಡಿಬಿಡಿ ಮಾಡಬೇಡಿ. ಶೊರನೂರು ಮೂಲಕ ಬದಲಿ ಮಾರ್ಗದಲ್ಲಿ ಓಡಿಸುವುದೂ ಉಂಟು; ಆಗ ಬೆಂಗಳೂರು ಬರುತ್ತದೆ, ಘಾಟಿ ಬರುವುದಿಲ್ಲ.

ಹಳಿಯ ಮೇಲೆ ಎಡಕುಮೇರಿಗೆ ನಡೆಯುವ ಹಳೆಯ ಚಾರಣದ ಬಗ್ಗೆ ಇನ್ನೂ ಕೇಳುವವರಿದ್ದಾರೆ. ಹೋಗಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅತಿಕ್ರಮಣ, ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾನೂನು ಹಾಗಿರಲಿ, ಬಾಗಿದ ಸುರಂಗದೊಳಗೆ ಇಳಿಜಾರಿನ ಗಾಡಿ ಎಂಜಿನ್ ಸದ್ದಿಲ್ಲದೆ ಉರುಳಿಕೊಂಡು ಬರುತ್ತದೆ. ಆನೆಗಳೂ ಇದೇ ದಾರಿ ಬಳಸುತ್ತವೆ.

ಊಟ, ನೀರು ಮಂಗಳೂರಿನಿಂದಲೇ ಕಟ್ಟಿಕೊಳ್ಳಿ. ಸುಬ್ರಹ್ಮಣ್ಯ ರೋಡ್ ಬಿಟ್ಟರೆ ಸಕಲೇಶಪುರದ ತನಕ ಏನೂ ಸಿಗುತ್ತದೆಂದು ನಂಬಬೇಡಿ. ಮೊಬೈಲ್ ಸಿಗ್ನಲ್ ಘಾಟಿಯುದ್ದಕ್ಕೂ ಬಂದು ಹೋಗಿ ಮಾಡುತ್ತದೆ, ಟಿಕೆಟಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ಬೆಂಗಳೂರಿನಲ್ಲಿ ಕೆಲಸವಿಲ್ಲದವರು ಅಲ್ಲಿವರೆಗೆ ಟಿಕೆಟ್ ತೆಗೆಯುವುದು ದಂಡ: ಸಕಲೇಶಪುರ ದಾಟಿದ ಮೇಲೆ ಬಯಲು, ಹಾಸನ, ಕತ್ತಲೆ. ಸಕಲೇಶಪುರದಲ್ಲಿ ಸಂಜೆಯ ಹೊತ್ತಿಗೆ ಇಳಿದು ಬಸ್ ನಿಲ್ದಾಣಕ್ಕೆ ಹೋದರೆ ಶಿರಾಡಿ ಮೂಲಕ ಮಂಗಳೂರಿಗೆ ಕೆಎಸ್‌ಆರ್‌ಟಿಸಿ ಸಿಗುತ್ತದೆ. ಬಸ್ಸಿನಲ್ಲಿ ಎಡಗಡೆ ಕೂತು, ಬೆಳಕು ಉಳಿದಿದ್ದರೆ, ಹೊಳೆಯಾಚೆ ಗುಡ್ಡದಲ್ಲಿ ನೀವು ಬಂದ ಸೇತುವೆಗಳು ಒಂದೆರಡು ಕಡೆ ಕಾಣುತ್ತವೆ.