ಬಾಲಮಂದಿರ ದಾಟಿದವರ ಬಾಡಿಗೆ ಮನೆ: ಬೆಂಗಳೂರಿನ ಒಂದು ಆಫ್ಟರ್‌ಕೇರ್ ಗುಂಪುಮನೆಯ ವಿಮರ್ಶೆ

ಬಾಲಮಂದಿರಗಳಲ್ಲಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಮಕ್ಕಳ ಮನೆಗಳಲ್ಲಿ ಬೆಳೆದವರು 18 ವರ್ಷ ತುಂಬಿದಾಗ ಸಾಮಾನ್ಯವಾಗಿ ಅಲ್ಲಿಂದ ಹೊರಡಬೇಕಾಗುತ್ತದೆ. ಹುಟ್ಟಿದ ದಿನಾಂಕದ ದಾಖಲೆಯೇ ಇಲ್ಲದವರ ಪಾಲಿಗೆ ವೈದ್ಯರು ಅಂದಾಜಿಸಿದ ವಯಸ್ಸೇ ಆ ಗಡುವನ್ನು ನಿರ್ಧರಿಸುತ್ತದೆ. ಹೀಗೆ ಹೊರಬಂದವರಿಗಾಗಿ ಬಾಲನ್ಯಾಯ ಕಾಯ್ದೆಯಡಿ ರೂಪುಗೊಂಡ 2016ರ ಮಾದರಿ ನಿಯಮಗಳು 21ನೆಯ ವಯಸ್ಸಿನವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ, ಅನುಪಾಲನೆಯ (ಆಫ್ಟರ್‌ಕೇರ್) ವ್ಯವಸ್ಥೆಯನ್ನು ಹೇಳುತ್ತವೆ. ಆರರಿಂದ ಎಂಟು ಮಂದಿ ಒಟ್ಟಿಗೆ ಇರಬಹುದಾದ ತಾತ್ಕಾಲಿಕ ಗುಂಪುಮನೆಯೂ ಅದರಲ್ಲಿ ಸೇರಿದೆ. ಅಂಥ ಮನೆಯೊಂದನ್ನು ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಯುವತಿಯರಿಗಾಗಿ ನಡೆಸುತ್ತಿದೆ. ಅಲ್ಲಿ ಬ್ಯಾಂಕ್ ವ್ಯವಹಾರ ಹೇಳಿಕೊಡುವ ಸ್ವಯಂಸೇವಕಿಯಾಗಿ ನಾನು ಅದರ ಒಳಹೊರಗನ್ನು ನೋಡುತ್ತ ಬಂದಿದ್ದೇನೆ. ವಿಳಾಸ ಬಯಲಾದರೆ ನೆರೆಹೊರೆಯವರು ನಿವಾಸಿಗಳನ್ನು "ಆಶ್ರಮದ ಹುಡುಗಿಯರು" ಎಂದು ಗುರುತಿಸತೊಡಗುತ್ತಾರಾದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮನೆ ಸಾಧಾರಣ ಬಡಾವಣೆಯೊಂದರ ಎರಡನೆಯ ಮಹಡಿಯಲ್ಲಿದೆ. ಹೊರಗೆ ಫಲಕವಿಲ್ಲ, ಒಳಗೆ ವಾರ್ಡನ್ ಇಲ್ಲ, ಅಡುಗೆಯವರೂ ಇಲ್ಲ. ಪ್ರತಿಯೊಬ್ಬರ ಬಳಿಯೂ ಮುಂಬಾಗಿಲಿನ ಕೀಲಿ ಇದೆ. ಹತ್ತಾರು ವರ್ಷ ಗಂಟೆ ಬಾರಿಸಿದಾಗ ಎದ್ದು, ಸಾಲಿನಲ್ಲಿ ನಿಂತು ತಟ್ಟೆ ಹಿಡಿದು, ದಾಸ್ತಾನು ಕೋಣೆಯಿಂದ ಸೋಪು ಪಡೆದು ಬೆಳೆದವರಿಗೆ ಈ ಮೂರು ಇಲ್ಲಗಳು ಮೊದಮೊದಲು ಗಾಬರಿ ಹುಟ್ಟಿಸುತ್ತವೆ. ನೂರು ಮಂದಿಗೆ ಸಾರು ಕುದಿಯುವುದನ್ನು ನೋಡಿದ್ದ ಹುಡುಗಿಗೆ ಏಳು ಮಂದಿಗೆ ಬೇಳೆ ಎಷ್ಟು ಬೇಕೆಂಬುದು ತಿಳಿದಿರಬೇಕೆಂದೇನೂ ಇಲ್ಲ. ಸಂಸ್ಥೆಯ ಸಂಯೋಜಕಿ ಅಳತೆ ಹೇಳಿಕೊಡದೆ, ಅಂಗಡಿಗೆ ಕಳುಹಿಸಿ, ಉಳಿದುಹೋದ ಅನ್ನದ ಲೆಕ್ಕವನ್ನೂ ಅವರಿಂದಲೇ ಬರೆಯಿಸುತ್ತಾರೆ. ಇದನ್ನು ನಿರ್ಲಕ್ಷ್ಯವೆಂದು ಬಗೆಯುವ ಸಂದರ್ಶಕರಿದ್ದಾರೆ. ನನ್ನ ಮಟ್ಟಿಗೆ ಈ ಸೇವೆಯ ಅತ್ಯುತ್ತಮ ಅಂಶ ಇದೇ.

ಹಣದ ವ್ಯವಸ್ಥೆಯೂ ಅದೇ ತತ್ತ್ವದ ಮೇಲೆ ನಿಂತಿದೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಅನುಪಾಲನೆಗೆ ಒಬ್ಬರಿಗೆ ತಿಂಗಳಿಗೆ 4000 ರೂಪಾಯಿ ನೆರವು ನಿಗದಿಯಾಗಿದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಅದು ಊಟಸಹಿತ ಪಿಜಿಯ ಒಂದು ಹಾಸಿಗೆಗೂ ಸಾಲದು. ಉಳಿದದ್ದನ್ನು ಸಂಸ್ಥೆ ದಾನಿಗಳಿಂದ ತುಂಬುತ್ತದೆ. ನರ್ಸಿಂಗ್ ಅಥವಾ ಬಿ.ಕಾಂ. ಓದುತ್ತಿರುವವರು ಏನನ್ನೂ ಕೊಡಬೇಕಾಗಿಲ್ಲ. ಬಟ್ಟೆ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕೆ ಸೇರಿದವರು ಮಾತ್ರ ಸಂಬಳದ ಒಂದು ಪಾಲನ್ನು ಮನೆಯ ಡಬ್ಬಿಗೂ ಇನ್ನೊಂದನ್ನು ತಮ್ಮದೇ ಉಳಿತಾಯ ಖಾತೆಗೂ ಹಾಕುತ್ತಾರೆ. ಆ ಖಾತೆಗೆ ಸಂಸ್ಥೆಯ ಯಾರೂ ಜಂಟಿ ಸಹಿದಾರರಲ್ಲ. ಮೊದಲ ಸಂಬಳ ಮೊಬೈಲಿಗೆ ಕರಗಿಹೋದದ್ದೂ ಉಂಟು. ಸಂಯೋಜಕಿ ಬೈಯಲಿಲ್ಲ, ಆ ತಿಂಗಳ ಪಾಲನ್ನು ಮನ್ನಾ ಮಾಡಲೂ ಇಲ್ಲ.

ಕಾಗದಪತ್ರಗಳ ಕೆಲಸದಲ್ಲಿ ಈ ಮನೆಗೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ, ಏಕೆಂದರೆ ಅದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆಧಾರ್‌ನಲ್ಲಿ ಬಾಲಮಂದಿರದ ವಿಳಾಸವೇ ಉಳಿದಿರುತ್ತದೆ. ಜಾತಿ ಪ್ರಮಾಣಪತ್ರಕ್ಕೆ ತಂದೆ ತಾಯಿಯ ದಾಖಲೆ ಕೇಳುತ್ತಾರೆ. ಪಡಿತರ ಚೀಟಿ ಕುಟುಂಬವನ್ನು ಆಧರಿಸಿದ್ದು, ಆ ಚೀಟಿಯಿಲ್ಲದೆ ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆಯ ಪೂರ್ಣ ಸೌಲಭ್ಯವೂ ಕೈಗೆ ಬರುವುದಿಲ್ಲ. ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತುವುದಕ್ಕೂ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು. ತಹಶೀಲ್ದಾರ್ ಕಚೇರಿಗೆ, ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಯುವತಿಯರ ಜೊತೆಗೆ ಹೋಗಿ, ಮಾತನ್ನು ಮಾತ್ರ ಅವರಿಂದಲೇ ಆಡಿಸುವ ಒಬ್ಬ ಕಾರ್ಯಕರ್ತೆ ಇಲ್ಲಿದ್ದಾರೆ. ಅರ್ಜಿಯ "ತಂದೆಯ ಹೆಸರು" ಎಂಬ ಖಾನೆಯ ಎದುರು ಪೆನ್ನು ನಿಂತಾಗ ಏನು ಮಾಡಬೇಕು, ಆಸ್ಪತ್ರೆಯಲ್ಲಿ "ಸಂಬಂಧಿಕರ ಸಹಿ" ಕೇಳಿದಾಗ ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ಮಾತಾಡಿ ಇಟ್ಟುಕೊಂಡಿರುವ ಸಂಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಟ್ಟುಹಬ್ಬದ ಕೇಕ್ ಹಿಡಿದು ಫೋಟೋಗಾಗಿ ಬರುವ ದಾನಿಗಳನ್ನು ಮನೆಯೊಳಕ್ಕೆ ಬಿಡದಿರುವುದನ್ನೂ ಮೆಚ್ಚಬೇಕು. ಹಾಗೆ ಬಂದವರ ಮುಂದೆ ಹಾಡು ಹೇಳಿ ಹೇಳಿ ಆ ಹುಡುಗಿಯರಿಗೆ ಸಾಕಾಗಿದೆ.

ಇನ್ನು ಕೊರತೆಗಳು. ನಿವಾಸಿಗಳು ಸಹಿ ಹಾಕುವ ಒಪ್ಪಂದಪತ್ರ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಓದದೆಯೇ ಸಹಿ ಹಾಕುತ್ತಾರೆ. ಸ್ವಾವಲಂಬನೆ ಕಲಿಸುವ ಜಾಗದಲ್ಲಿ ಮೊದಲ ದಿನವೇ ಹೀಗಾಗುವುದು ಸಲ್ಲದು. ಕೀಲಿ ಕೊಟ್ಟ ಮೇಲೂ ರಾತ್ರಿ ಒಂಬತ್ತೂವರೆಯ ಗಡುವು ಇರುವುದರಿಂದ ಪಾಳಿ ಕೆಲಸ ಹಿಡಿಯುವವರು ಪ್ರತಿ ಸಲವೂ ಅನುಮತಿ ಕೇಳಬೇಕಾಗಿದೆ. ಆಪ್ತಸಮಾಲೋಚಕರು ಬೇಗ ಬೇಗ ಬದಲಾಗುತ್ತಾರೆ. ಬಾಲ್ಯದುದ್ದಕ್ಕೂ ಪಾಲಕರು ಬದಲಾಗುತ್ತಲೇ ಬಂದವರಿಗೆ ಇದು ಸಣ್ಣ ವಿಷಯವಲ್ಲ, ಹೊಸಬರ ಮುಂದೆ ತಮ್ಮ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಲು ಹಲವರು ಒಪ್ಪುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಈ ಮನೆಯಿಂದ ಹೊರಡುವ ಹಂತದ್ದು. 21 ತುಂಬಿದವಳಿಗೆ ಅಡುಗೆ ಗೊತ್ತು, ಬೆಸ್ಕಾಂ ಬಿಲ್ಲು ಓದಲು ಗೊತ್ತು, ಕೆಲಸವೂ ಇದೆ. ಆದರೆ ಬೆಂಗಳೂರಿನ ಮಾಲೀಕರು ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ, ಜೊತೆಗೆ "ಊರು ಯಾವುದು, ಅಪ್ಪ ಏನು ಮಾಡುತ್ತಾರೆ" ಎಂದೂ ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಮನೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ, ಮೊದಲನೆಯದಕ್ಕೆ ಯಾವ ಏರ್ಪಾಡೂ ಇಲ್ಲ. ನಿಯಮಗಳು ಸಾಲ ಮತ್ತು ಸಹಾಯಧನವನ್ನು ಸ್ವಂತ ಉದ್ಯಮ ಮಾಡುವವರಿಗೆ ಹೇಳಿವೆಯೇ ಹೊರತು ಮನೆಯ ಮುಂಗಡಕ್ಕಲ್ಲ. ಬಾಲನ್ಯಾಯ ಕಾಯ್ದೆಯ 46ನೆಯ ಕಲಮು ಕೂಡ ಸಂಸ್ಥೆಯಿಂದ ಹೊರಡುವಾಗ ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆಯಲ್ಲದೆ ಕೊಡಲೇಬೇಕು ಎನ್ನುವುದಿಲ್ಲ. ಇಂಗ್ಲೆಂಡಿನಲ್ಲಿ ಪಾಲನಾ ವ್ಯವಸ್ಥೆಯಿಂದ ಹೊರಬಂದವರು ಬಯಸಿದರೆ 25 ವರ್ಷದವರೆಗೆ ಒಬ್ಬ ವೈಯಕ್ತಿಕ ಸಲಹೆಗಾರರ ನೆರವು ಪಡೆಯಬಹುದೆಂದು 2017ರ ಕಾನೂನು ಹೇಳಿದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಈ ಸಂಸ್ಥೆ ತನ್ನ ಮಟ್ಟಿಗೆ ಒಂದು ಮುಂಗಡ ನಿಧಿಯನ್ನು ತೆರೆದು, ಹೊರಟವರು ಕಂತಿನಲ್ಲಿ ಮರಳಿಸಿದ ಹಣವನ್ನು ಮುಂದೆ ಹೊರಡುವವರಿಗೆ ಕೊಡಬಹುದು. ಹೊಸ ಮಿಕ್ಸಿ, ಹೊಸ ಟಿವಿ ಕೊಡಿಸಲು ಮುಂದೆ ಬರುವ ದಾನಿಗಳಿಗೆ ನಾನು ಈಗ ಹೇಳುತ್ತಿರುವುದು ಇದನ್ನೇ. ಹಾಗೆ ನೋಡಿದರೆ ಮನೆಯಲ್ಲಿ ಈಗಾಗಲೇ ಎರಡು ಮಿಕ್ಸಿಗಳಿವೆ.

ದುಡಿಯುತ್ತಿರುವ ಅಥವಾ ಓದುತ್ತಿರುವ, ಸ್ವಲ್ಪಮಟ್ಟಿಗೆ ಸ್ವತಂತ್ರವಾಗಿ ಇರಬಲ್ಲ ಯುವತಿಯರಿಗೆ ಈ ಮನೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಿರಂತರ ಮಾನಸಿಕ ಚಿಕಿತ್ಸೆಯ ಅಗತ್ಯವಿರುವವರಿಗೆ ಮತ್ತು ಕೈಗೂಸಿರುವ ತಾಯಂದಿರಿಗೆ ಇಲ್ಲಿ ವ್ಯವಸ್ಥೆ ಇಲ್ಲ. ಲಿಫ್ಟ್ ಇಲ್ಲದ ಕಾರಣ ಗಾಲಿಕುರ್ಚಿ ಬಳಸುವವರಿಗೂ ಆಗುವುದಿಲ್ಲ. ಸೇರಬಯಸುವವರು 18 ತುಂಬುವ ಮೊದಲೇ ತಾವಿರುವ ಸಂಸ್ಥೆಯ ಅಧೀಕ್ಷಕರ ಮೂಲಕ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡುವುದು ಒಳ್ಳೆಯದು. ತಡವಾಗಿ ಬಂದ ಅರ್ಜಿಗಳು ಹಾಸಿಗೆ ಖಾಲಿಯಿದ್ದರೂ ಕಡತದಲ್ಲೇ ತಿಂಗಳುಗಟ್ಟಲೆ ಉಳಿದುಬಿಡುತ್ತವೆ, ಆ ತಿಂಗಳುಗಳಲ್ಲಿ ಹುಡುಗಿ ಎಲ್ಲಿರಬೇಕೆಂಬುದನ್ನು ಯಾರೂ ಹೇಳುವುದಿಲ್ಲ.