ಪಾಯಿಂಟ್ ಆದಮೇಲೆ ಆರು ಅಂಕಿ ಇದೆ ಅಂತ ಟೈಮ್‌ಸ್ಟ್ಯಾಂಪ್ ನಂಬಬೇಡಿ

ಡೇಟಾ ಲಾಗರ್ (ಸೆನ್ಸಾರ್ ಅಳತೆಗಳನ್ನು ಟೈಮ್ ಸಮೇತ ಬರೆದಿಡುವ ಡಬ್ಬ) ಮಾಡುವವರು ಇದನ್ನೊಮ್ಮೆ ಓದಿ. ನಮ್ಮ ಎಡವಟ್ಟಿನಿಂದ ಮಂಡ್ಯದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಅರ್ಧ ದಿನ ನಿಂತಿತು. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ರೈತರು ಸುಮ್ನೆ ಇರ್ತಾರಾ?

ಕಬ್ಬು ಸಾಗಿಸುವ ಕ್ಯಾರಿಯರ್‌ನ ಮೋಟರ್ ಮೇಲೊಂದು, ಗೇರ್‌ಬಾಕ್ಸ್ ಮೇಲೊಂದು ವೈಬ್ರೇಶನ್ ಸೆನ್ಸಾರ್ ಕೂರಿಸಿದ್ದೆವು. ಎರಡರ ಅದುರಾಟ ಒಂದಕ್ಕೊಂದು ಎಷ್ಟು ಡಿಗ್ರಿ ಹಿಂದೆಮುಂದೆ ಇದೆ ಅಂತ ನೋಡುವುದು ಕೆಲಸ. ಎರಡರ ಶಾಫ್ಟ್‌ಗಳನ್ನು ಜೋಡಿಸುವ ಕಪ್ಲಿಂಗ್‌ನ ಆಚೀಚೆ ಅದು 180ರ ಹತ್ತಿರ ಬಂದರೆ ಅಲೈನ್‌ಮೆಂಟ್ ಮೇಲೆ, ಅಂದರೆ ಶಾಫ್ಟ್‌ಗಳು ಒಂದೇ ಗೆರೆಯಲ್ಲಿವೆಯಾ ಅಂತ, ಅನುಮಾನ ಪಡಬೇಕು. ನಮಗೆ ಒಮ್ಮೆ 160 ಬಂತು, ಒಮ್ಮೆ 30. ಕಬ್ಬಿನ ಲೋಡ್ ಹೆಚ್ಚುಕಡಿಮೆ ಆಗ್ತಿರಬೇಕು ಅಂತ ನಾವೇ ಸಮಾಧಾನ ಹೇಳಿಕೊಂಡು, 160ನ್ನೇ ಹಿಡಿದು ಮೆಷಿನ್ ನಿಲ್ಲಿಸಿಸಿದೆವು.

ವಯಸ್ಸಾದ ಫಿಟ್ಟರ್ ಒಬ್ಬರು ಡಯಲ್ ಗೇಜ್ ಕಟ್ಟಿ, ಶಾಫ್ಟ್ ತಿರುಗಿಸಿ ನೋಡಿದರು. "ಕಪ್ಲಿಂಗ್ ಚೆನ್ನಾಗೈತೆ ಸಾರ್. ನಿಮ್ ಡಬ್ಬಾನೇ ಒಂದ್ಸಲ ನೋಡ್ಕಳಿ."

ರಾತ್ರಿ ಮೈಸೂರಿಗೆ ಬಂದು ಲಾಗ್ ತೆರೆದೆ. ಪ್ರತಿ ಟೈಮ್‌ಸ್ಟ್ಯಾಂಪ್‌ನಲ್ಲೂ ಪಾಯಿಂಟ್ ಆದಮೇಲೆ ಆರು ಅಂಕಿ. ಕೊನೆಯ ನಾಲ್ಕು ಯಾವಾಗಲೂ ಸೊನ್ನೆ! ಮೂರು ವಾರದಿಂದ ಕಣ್ಣೆದುರೇ ಇತ್ತು.

ಆಗಿದ್ದು ಇಷ್ಟು. ಸೆನ್ಸಾರ್‌ನಿಂದ 512 ಸ್ಯಾಂಪಲ್‌ಗಳ ಒಂದೊಂದು ಬ್ಲಾಕ್ ಬರುತ್ತದೆ, ಅದರ ತಲೆಗೆ ಒಂದು ಟೈಮ್‌ಸ್ಟ್ಯಾಂಪ್. ಆ ಟೈಮನ್ನು ನಾವು ಫ್ರೀಆರ್‌ಟಿಒಎಸ್‌ನ (ಡಬ್ಬದ ಚಿಪ್ ಮೇಲೆ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಮ್) ಟಿಕ್ ಎಣಿಕೆಯಿಂದ ತೆಗೆಯುತ್ತಿದ್ದೆವು. ಟಿಕ್ 100 ಹರ್ಟ್ಸ್‌ಗೆ ಸೆಟ್ ಆಗಿತ್ತು, ಅಂದರೆ 10 ಮಿಲಿಸೆಕೆಂಡಿಗೊಂದು. ಅದನ್ನೇ ಮೈಕ್ರೊಸೆಕೆಂಡ್ ಮಾಡಿ ಪ್ರಿಂಟ್ ಮಾಡಿದರೆ ಅಂಕಿ ಜಾಸ್ತಿ ಆಗುತ್ತದೆಯೇ ಹೊರತು ಗಡಿಯಾರ ಸೂಕ್ಷ್ಮ ಆಗುವುದಿಲ್ಲ. ಮೋಟರ್ 1480 ಆರ್‌ಪಿಎಂ, ಒಂದು ಸುತ್ತಿಗೆ ಸುಮಾರು 40 ಮಿಲಿಸೆಕೆಂಡ್. ಹತ್ತು ಮಿಲಿಸೆಕೆಂಡ್ ಅಂದರೆ ಕಾಲು ಸುತ್ತು, 90 ಡಿಗ್ರಿ. 160 ಬಂದರೂ 30 ಬಂದರೂ ಬೆಲೆ ಒಂದೇ, ಅಲ್ವಾ?

ಅವಸರದಲ್ಲಿ 32 ಬಿಟ್‌ನ ಮೈಕ್ರೊಸೆಕೆಂಡ್ ಕೌಂಟರ್‌ಗೆ ಬದಲಾಯಿಸಿದೆವು. ಅದು 71 ನಿಮಿಷ 35 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಮ್ಮ ಟೆಸ್ಟ್ ಒಂದೊಂದೂ ಅರ್ಧ ಗಂಟೆಯದು, ಹಾಗಾಗಿ ಮೇಜಿನ ಮೇಲೆ ಗೊತ್ತೇ ಆಗಲಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಎದುರಿಗೇ ಟೈಮ್ ಹಿಂದಕ್ಕೆ ಓಡಿತು. ಈಗ 64 ಬಿಟ್ ಹಾಕಿದ್ದೇವೆ.

ನೀವು ಫೀಲ್ಡಿಗೆ ಹೋಗುವ ಮೊದಲು ಟೈಮ್‌ಸ್ಟ್ಯಾಂಪ್‌ಗಳನ್ನು ಒಂದರಿಂದೊಂದು ಕಳೆದು ನೋಡಿ. ಸೊನ್ನೆ ಬಿಟ್ಟು ಅತಿ ಚಿಕ್ಕ ವ್ಯತ್ಯಾಸ ಎಷ್ಟು? ಎಲ್ಲವೂ ಒಂದೇ ಸಂಖ್ಯೆಯ ಮಗ್ಗಿಯಲ್ಲಿ ಬರುತ್ತಿದ್ದರೆ ನಿಮ್ಮ ಗಡಿಯಾರದ ಹೆಜ್ಜೆ ಅಷ್ಟೇ ದೊಡ್ಡದು. ಟೈಮ್ ಹಿಡಿಯುವುದನ್ನು ಸೆನ್ಸಾರ್‌ನ ಇಂಟರಪ್ಟ್‌ನಲ್ಲೇ, ಅಂದರೆ ಸೆನ್ಸಾರ್ ಸಿಗ್ನಲ್ ಕೊಟ್ಟ ತಕ್ಷಣ ಓಡುವ ಕೋಡ್‌ನಲ್ಲೇ, ಮಾಡಿ. ಎಸ್‌ಡಿ ಕಾರ್ಡಿಗೆ ಬರೆಯುವ ಟಾಸ್ಕ್‌ನಲ್ಲಂತೂ ಬೇಡವೇ ಬೇಡ, ಕಾರ್ಡ್ ಮನಸ್ಸು ಬಂದಾಗ ನೂರಾರು ಮಿಲಿಸೆಕೆಂಡ್ ನಿಂತುಬಿಡುತ್ತದೆ. ಎರಡೂ ಚಾನೆಲ್‌ಗೆ ಒಂದೇ ಪಲ್ಸ್ ಕೊಟ್ಟು, ಎರಡರಲ್ಲೂ ಒಂದೇ ಟೈಮ್ ಬರುತ್ತದಾ ಅಂತ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಲು ಹೋಗಿಯೇ ನಾವು ಆ ಟ್ರ್ಯಾಕ್ಟರ್ ಸಾಲಿನ ಮುಂದೆ ತಲೆ ತಗ್ಗಿಸಿ ನಡೆದದ್ದು.